ಸೌಂಡ್ ಕಮ್ಮಿ ಐತೆ ಕಣಣ್ಣ

ಮಾಸ್ಟರ್ ಮಾಡಿರೋ, ಅಂದ್ರೆ ರೆಕಾರ್ಡ್ ಆದ ಹಾಡಿಗೆ ಕೊನೇ ಹದ ಕೊಟ್ಟಿರೋ ಫೈಲ್ ಕಳ್ಸಿದ್ಮೇಲೆ ವಾಪಸ್ ಬರೋ ಮೊದಲ್ನೇ ಮಾತು ಹೆಚ್ಚುಕಮ್ಮಿ ಯಾವಾಗ್ಲೂ ಇದೇ. ದನಿ ಚೆನ್ನಾಗಿ ಬಂದಿದ್ಯಾ, ತಾಳ ಕಿವಿಗೆ ಚುಚ್ಚುತ್ತಾ, ಹಿಮ್ಮೇಳ ಕೇಳ್ಸುತ್ತಾ, ಇದ್ಯಾವ್ದೂ ಅಲ್ಲ. 'ಅಣ್ಣ, ಬೇರೆಯೋರ್ ಹಾಡು ಹಾಕಿ ಇದನ್ನ ಹಾಕುದ್ರೆ ಇದ್ರು ಸೌಂಡ್ ಕಮ್ಮಿ ಐತೆ.' ಸಾಮಾನ್ಯವಾಗಿ ಅವ್ರು ಕೇಳಿರೋದು ವಾಟ್ಸಾಪಲ್ಲಿ ಬಂದ ಫೈಲನ್ನ ಫೋನ್ ಸ್ಪೀಕರಲ್ಲಿ, ಅದಕ್ಕೆ ಮುಂಚೆ ಪ್ಲೇ ಆಗಿದ್ದು ಯಾವ್ದೋ ಡಿಜೆ ರೀಮಿಕ್ಸು. ಅವ್ರು ಹೇಳೋದು ಸುಳ್ಳಲ್ಲ, ನಿಜವಾಗ್ಲೂ ಕಮ್ಮಿನೇ ಕೇಳ್ಸಿರುತ್ತೆ. ಆದ್ರೆ ಆ ಒಂದು ಮಾತಿಗೋಸ್ಕರ ಹಾಡಿನ ಒಳಗಡೆ ಏನೇನು ತ್ಯಾಗ ಮಾಡ್ಬೇಕಾಗುತ್ತೆ ಅನ್ನೋದು ಹಾಡ್ದೋರಿಗೂ ಗೊತ್ತಿರಲ್ಲ, ಹೇಳೋಕೆ ಹೋದ್ರೆ ನಾವು ತಾಂತ್ರಿಕವಾಗಿ ಏನೋ ಕೊರೀತಿದೀವಿ ಅನ್ಸುತ್ತೆ. ಈ ಸಲ ಮಾತ್ರ ಕೂತು ಬರ್ದೇ ಬಿಡೋಣ ಅನ್ನಿಸ್ತು, ಯಾಕಂದ್ರೆ ಈ ಸಲ ಕೈಯಲ್ಲಿದ್ದಿದ್ದು ಸಿನಿಮಾ ಹಾಡಲ್ಲ, ಮಂಟೇಸ್ವಾಮಿ ಕತೆ.

ಮಳವಳ್ಳಿ ಕಡೆಯಿಂದ ಒಂದು ನೀಲಗಾರರ ತಂಡ ಬಂದಿತ್ತು, ಮಂಟೇಸ್ವಾಮಿ ಕತೆ ಹಾಡೋರು. ತಂಬೂರಿ, ಡಗ್ಗ ಅನ್ನೋ ಚರ್ಮವಾದ್ಯ, ಗಲಗಲ ಅನ್ನೋ ಗಗ್ಗರ, ತಾಳ, ಮುಂದೆ ಹಾಡೋರು ಒಬ್ರು, ಹಿಂದೆ ಸೊಲ್ಲು ಎತ್ಕೊಳ್ಳೋರು ಮೂವರು. ಮುಂದಾಳಿಗೆ ಎಪ್ಪತ್ತರ ಮೇಲಿರ್ಬೇಕು, ನಾನು ತಾತ ಅಂತಿದ್ದೆ, ಅವ್ರು ನಂಗೆ ಮಗ ಅಂತಿದ್ರು. ಕುವೆಂಪುನಗರದ ನನ್ನ ಚಿಕ್ಕ ರೂಮಲ್ಲಿ ಅವ್ರನ್ನ ಕೂರ್ಸಿ ಹೆಡ್‌ಫೋನ್ ಕೊಟ್ಟು ಒಬ್ಬೊಬ್ರನ್ನೇ ಬೇರೆ ಬೇರೆ ರೆಕಾರ್ಡ್ ಮಾಡೋ ಯೋಚ್ನೆ ನಂಗೆ ಮೊದ್ಲಿಂದ್ಲೂ ಇರ್ಲಿಲ್ಲ. ಅವ್ರು ಒಬ್ರನ್ನೊಬ್ರು ನೋಡ್ಕೊಂಡು ಹಾಡೋ ಜನ. ಹಂಗಾಗಿ ಒಂದು ಖಾಲಿ ಸಮುದಾಯ ಭವನದಲ್ಲಿ ಚಾಪೆ ಹಾಸಿ, ಅರ್ಧ ಸುತ್ತು ಕೂರ್ಸಿ, ನಡುವೆ ಒಂದು ಜೋಡಿ ಮೈಕು, ತಾತನ ಮುಂದೆ ಒಂದು, ಹಿಮ್ಮೇಳದ ಹತ್ರ ಒಂದು ಇಟ್ಟು ಒಂದೇ ಏಟ್ಗೆ ಹಾಡಿಸ್ದೆ.

ಕತೆ ಕಲ್ಯಾಣದ ಬಾಗಿಲಿಗೆ ಬಂತು. ಧರೆಗೆ ದೊಡ್ಡವರು, ಅಂದ್ರೆ ಮಂಟೇಸ್ವಾಮಿ, ಬಸವಣ್ಣನ ಮನೆ ಮುಂದೆ ಬಂದು ನಿಂತಿದಾರೆ, ಒಳಗೆ ಬಿಡೋರಿಲ್ಲ. ಅಲ್ಲೀವರ್ಗೂ ಎದೆ ತುಂಬ ಹಾಡ್ತಿದ್ದ ತಾತ ಡಗ್ಗದೋರ ಕಡೆ ಒಂದು ಸಲ ನೋಡುದ್ರು ಅಷ್ಟೇ, ಡಗ್ಗ ನಿಂತ್ಹೋಯ್ತು. ಗಗ್ಗರ ಇದ್ದ ಕೈ ತೊಡೆ ಮೇಲೆ ಇಳೀತು. ತಂಬೂರಿ ಒಂದೇ ಉಳ್ಕೊಂತು. ಆಮೇಲೆ ಅವ್ರು ಹಾಡ್ಲಿಲ್ಲ, ಪಕ್ಕದಲ್ಲಿ ಕೂತಿರೋನ ಹತ್ರ ಮನೆ ವಿಷ್ಯ ಹೇಳೋ ಹಂಗೆ ಮಾತಾಡುದ್ರು. ಬಾಗಿಲಲ್ಲಿ ನಿಂತೋರು ಏನಂದ್ರು, ಒಳಗಿನೋರು ಏನಂದ್ರು. ಒಂದೊಂದು ಮಾತಿನ ಕೊನೆ ಉಸಿರಲ್ಲೇ ಕರಗೋಗ್ತಿತ್ತು. ಎರಡು ನಿಮಿಷದ ಮೇಲೆ ಇರ್ಬೋದು. ಆಮೇಲೆ ಯಾವ ಮುನ್ಸೂಚ್ನೆನೂ ಇಲ್ದೆ ತಲೆ ಎತ್ತಿ ಒಂದು ಸೊಲ್ಲು ಎತ್ತುದ್ರು ನೋಡಿ, ಡಗ್ಗ, ತಾಳ, ಗಗ್ಗರ, ಮೂರು ಗಂಟ್ಲು ಎಲ್ಲ ಒಟ್ಟಿಗೆ ಬಂದು ಬಿದ್ದು, ಮೀಟರ್ ಮುಂದೆ ಕೂತಿದ್ದ ನಾನೇ ಬೆಚ್ಚಿಬಿದ್ದೆ. ಆ ಬೆಚ್ಚಿಬೀಳ್ಸೋದೇ ಕತೆ. ಹೊರಗಡೆ ತಳ್ಳಿಸ್ಕೊಂಡೋರು ಯಾರು ಅಂತ ಕೇಳೋರಿಗೆ ಗೊತ್ತಾಗೋದು ಅಲ್ಲೇ, ಅದನ್ನ ಯಾರೂ ಬಾಯಿಬಿಟ್ಟು ವಿವರ್ಸಲ್ಲ, ಸದ್ದೇ ಹೇಳುತ್ತೆ.

ಈ ಹಾಡನ್ನ 'ಜೋರು' ಮಾಡೋದು ಅಂದ್ರೆ ಮೊದಲ್ನೇ ಹೊಡ್ತ ಬೀಳೋದು ಆ ಜಾಗಕ್ಕೇ.

ಕಿವಿ ಹೆಂಗೆ ಅಳೆಯುತ್ತೆ

ಡಿಜಿಟಲ್ ಫೈಲಲ್ಲಿ ಒಂದು ಮೇಲ್ಛಾವಣಿ ಇದೆ, ಸೊನ್ನೆ ಡಿಬಿ (ಡೆಸಿಬಲ್, ಸದ್ದಿನ ಅಳತೆ), ಅದನ್ನ ದಾಟೋ ಹಂಗಿಲ್ಲ, ಉಳಿದಿದ್ದೆಲ್ಲ ಅದ್ರ ಕೆಳಗೆ, ಮೈನಸ್ ಲೆಕ್ಕದಲ್ಲಿ. ತಾಳದ ಒಂದು 'ಟಣ್' ಅನ್ನೋದು ಕ್ಷಣಮಾತ್ರ ಆ ಛಾವಣಿ ಮುಟ್ಟಿ ವಾಪಸ್ ಬರುತ್ತೆ, ಪೀಕ್ ಮೀಟರ್ ಅದನ್ನೇ ತೋರ್ಸುತ್ತೆ. ಆದ್ರೆ ನಮ್ಮ ಕಿವಿ ಜೋರು ಅಂತ ತೀರ್ಮಾನ ಮಾಡೋದು ಆ ಕ್ಷಣದ ತುದಿ ನೋಡಿ ಅಲ್ಲ, ಒಂದಿಷ್ಟು ಹೊತ್ತು ಎಷ್ಟು ಶಕ್ತಿ ಬಂತು ಅನ್ನೋದ್ರ ಮೇಲೆ. ಹಂಗಾಗಿ ಒಂದೇ ಪೀಕ್ ಇರೋ ಎರಡು ಹಾಡು ಒಂದು ಗುಡುಗಿದ ಹಂಗೂ ಇನ್ನೊಂದು ಪಕ್ಕದ ರೂಮಿಂದ ಬಂದ ಹಂಗೂ ಕೇಳ್ಸೋದುಂಟು. 1994ರಲ್ಲಿ ವೇವ್ಸ್ ಕಂಪ್ನಿಯ ಎಲ್‌1 ಲಿಮಿಟರ್ ಬಂತು. ಮುಂದೆ ಬರೋ ಪೀಕನ್ನ ಮೊದ್ಲೇ ನೋಡಿ ಅದನ್ನ ಒತ್ತಿಹಿಡಿಯೋ ಸಾಫ್ಟ್‌ವೇರ್ ಅದು, ತುದಿ ಒತ್ತುದ್ರೆ ಉಳಿದಿದ್ದನ್ನೆಲ್ಲ ಮೇಲಕ್ಕೆ ಎತ್ಬೋದು. ಆಮೇಲೆ ಒಬ್ರನ್ನ ನೋಡಿ ಒಬ್ರು ಎತ್ತುತ್ತಾ ಹೋದ್ರು, ಸಿಡಿ ಕಾಲ ಮುಗಿಯೋ ಹೊತ್ಗೆ ಹಾಡುಗಳ ವೇವ್‌ಫಾರ್ಮ್ ನೋಡುದ್ರೆ ಒಂದು ಇಟ್ಟಿಗೆ ಮಲಗ್ಸಿದ ಹಂಗಿರ್ತಿತ್ತು. ಹದಿನಾರು ಬಿಟ್ಟಿನ ಸಿಡಿಲಿ ತೀರಾ ಸಣ್ಣ ಸದ್ದಿಂದ ತೀರಾ ಜೋರಿನವರ್ಗೂ ಸುಮಾರು 96 ಡಿಬಿ ಜಾಗ ಇದೆ, ಹಿಸ್ ಅನ್ನೋ ಕ್ಯಾಸೆಟ್ಟಲ್ಲಿ ಅದಕ್ಕಿಂತ ತುಂಬ ಕಮ್ಮಿ. ಅಷ್ಟು ಜಾಗ ಸಿಕ್ಕಿದ್ಮೇಲೂ ಎಲ್ರೂ ಛಾವಣಿಗೆ ಅಂಟ್ಕೊಂಡೇ ಕೂತ್ರು.

ಯಾಕೆ ಎಲ್ರೂ ಎತ್ತಿದ್ರು ಅಂದ್ರೆ ಅದಕ್ಕೆ ಕಾರಣ ನಮ್ಮ ಕಿವಿನೇ. 1933ರಲ್ಲಿ ಬೆಲ್ ಲ್ಯಾಬಿನ ಫ್ಲೆಚರ್ ಮತ್ತೆ ಮನ್ಸನ್ ಅನ್ನೋರು ಅಳ್ದು ತೋರ್ಸಿದ್ರು, ಸದ್ದು ಸಣ್ಣದಿದ್ದಾಗ ಕಿವಿಗೆ ಬೇಸ್ ಸರಿಯಾಗಿ ಕೇಳ್ಸಲ್ಲ, ಜೋರಾದಷ್ಟೂ ಬೇಸು ತುಂಬ್ಕೊಂಡು ಬರುತ್ತೆ. ಅಂದ್ರೆ ಒಂದೇ ಹಾಡನ್ನ ಒಂದು ಡಿಬಿ ಜಾಸ್ತಿ ಇಟ್ಟು ಕೇಳ್ಸಿದ್ರೂ 'ಜೋರಾಗಿದೆ' ಅನ್ನಲ್ಲ ಜನ, 'ಚೆನ್ನಾಗಿದೆ' ಅಂತಾರೆ. ಇದು ಗೊತ್ತಿದ್ರೂ ತಪ್ಪಿಸ್ಕೊಳ್ಳೋಕಾಗಲ್ಲ, ನನ್ನ ಕಿವಿಗೂ ಹಂಗೇ ಆಗುತ್ತೆ. (ಮೈಸೂರಲ್ಲಿ 1935ರಲ್ಲಿ ಆಕಾಶವಾಣಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ರು ಅನ್ನೋದನ್ನ ನಾನು ಆಗಾಗ ನೆನೆಸ್ಕೊಳ್ತೀನಿ. ಸದ್ದಿನ ಕೆಲ್ಸ ಅರ್ಧ ಯಂತ್ರದ್ದಾದ್ರೆ ಇನ್ನರ್ಧ ಕೇಳೋರ ಮನಸ್ಸಿಂದು, ಈ ಊರಿನ ರೇಡಿಯೋ ಆ ಎರಡ್ನೇ ಅರ್ಧ ಓದಿದೋರ ಮನೆಯಿಂದ್ಲೇ ಹೊರಟಿದ್ದು ನಂಗೆ ತುಂಬ ಇಷ್ಟದ ವಿಷ್ಯ.)

ಈ ಓಟಕ್ಕೆ ಕಡಿವಾಣ ಹಾಕಿದ್ದು ಸಂಗೀತದೋರಲ್ಲ, ಟೀವಿ ಮತ್ತೆ ರೇಡಿಯೋದೋರು. ಜಾಹೀರಾತು ಬಂದಾಗೆಲ್ಲ ರಿಮೋಟ್ ಹುಡ್ಕೋ ಕಾಟಕ್ಕೆ ಬೇಸತ್ತು 2006ರಲ್ಲಿ ಐಟಿಯು, ಅಂದ್ರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಒಂದು ಅಳತೆ ಕೊಡ್ತು, ಬಿಎಸ್ 1770 ಅಂತ, ಅದನ್ನಿಟ್ಕೊಂಡು 2010ರಲ್ಲಿ ಯುರೋಪಿನ ಪ್ರಸಾರ ಒಕ್ಕೂಟ ಆರ್ 128 ಅಂತ ನಿಯಮ ಮಾಡಿ ಎಲ್ಲಾ ಕಾರ್ಯಕ್ರಮನೂ ಮೈನಸ್ 23 ಎಲ್‌ಯುಎಫ್‌ಎಸ್ ಹತ್ರ ಇರ್ಬೇಕು ಅಂತು. ನಾವು ಬಾಯಲ್ಲಿ ಲಫ್ಸ್ ಅಂತೀವಿ, ಅಂಕಿ ಸೊನ್ನೆಗೆ ಹತ್ರ ಆದಷ್ಟೂ ಜೋರು. ಬೇಸನ್ನ ಕಿವಿ ಹಂಗೇ ಕಮ್ಮಿ ಲೆಕ್ಕಕ್ಕೆ ತಗೊಂಡು, ಮೇಲಿನ ಸ್ವರಗಳಿಗೆ ಸ್ವಲ್ಪ ಜಾಸ್ತಿ ತೂಕ ಕೊಟ್ಟು, 400 ಮಿಲಿಸೆಕೆಂಡಿನ ತುಂಡುಗಳಾಗಿ ಅಳ್ದು ಸರಾಸರಿ ತೆಗೆಯೋ ಅಳತೆ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಲ್ಲಿ ಮೈನಸ್ 14ಕ್ಕೆ ತರುತ್ತೆ, ಯೂಟ್ಯೂಬಿಂದೂ ಹೆಚ್ಚುಕಮ್ಮಿ ಅಷ್ಟೇ, ಆಪಲ್ ಮ್ಯೂಸಿಕ್ಕಲ್ಲಿ ಸೌಂಡ್ ಚೆಕ್ ಅನ್ನೋ ಸೆಟ್ಟಿಂಗ್ ಆನ್ ಇದ್ರೆ ಮೈನಸ್ 16. ಅದಕ್ಕಿಂತ ಜೋರಾಗಿ ಕಳ್ಸಿದ್ರೆ ಅವ್ರೇ ಇಳ್ಸಿ ಬಿಡ್ತಾರೆ.

ಇದ್ರ ಅರ್ಥ ಏನು ಅಂತ ತಂಡದ ಜೊತೆ ಬಂದಿದ್ದ ತಾತನ ಮೊಮ್ಮಗನಿಗೆ ಕೂರಿಸ್ಕೊಂಡು ತೋರಿಸ್ದೆ. ಅವನೇ 'ಸೌಂಡ್ ಕಮ್ಮಿ ಐತೆ' ಅಂದೋನು. ಅವ್ನು ಕೇಳಿದ ಹಂಗೇ ಒಂದು ಕಾಪಿಯನ್ನ ಲಿಮಿಟರಿಗೆ ಕೊಟ್ಟು ಮೈನಸ್ 8ರವರ್ಗೂ ಎತ್ತಿದೆ. ನಾನು ಮಾಡಿದ್ದು ಮೈನಸ್ 16ರಲ್ಲಿತ್ತು. ಮೊದ್ಲು ಎರಡನ್ನೂ ಇದ್ದ ಹಂಗೇ ಹಾಕ್ದೆ, ಅವನ ಮುಖ ಅರಳ್ತು, 'ಇದೇ ಕಣಣ್ಣ, ಇದೇ ಬೇಕಾಗಿದ್ದು' ಅಂದ. ಆಮೇಲೆ ಜೋರಿಂದನ್ನ 8 ಡಿಬಿ ಇಳ್ಸಿ ಎರಡೂ ಒಂದೇ ಸಮಕ್ಕೆ ಬರೋ ಹಂಗೆ ಮಾಡಿ, ಯಾವ್ದು ಯಾವ್ದು ಅಂತ ಹೇಳ್ದೆ ಕಲ್ಯಾಣದ ಬಾಗಿಲಿನ ಆ ಜಾಗನೇ ಹಾಕ್ದೆ. ಒಂದ್ಸಲ ಕೇಳ್ದ, ಇನ್ನೊಂದ್ಸಲ ಹಾಕು ಅಂದ. 'ಎರಡ್ನೇದ್ರಲ್ಲಿ ಡಗ್ಗ ಏಟೇ ಬೀಳ್ತಿಲ್ಲ, ಬರೀ ಮುಟ್ದಂಗೆ ಕೇಳ್ತದೆ. ತಾತ ಮಾತಾಡದೂ ಕೂಗದೂ ಒಂದೇ ತರ ಅದೆ.' ಆ ಎರಡ್ನೇದೇ ಅವ್ನು ಆರಿಸಿದ್ದ ಫೈಲು. ಲೆಕ್ಕ ನೋಡುದ್ರೆ ಸುಲಭ. ಮೈನಸ್ 8ರ ಫೈಲನ್ನ ಯೂಟ್ಯೂಬ್ 6 ಡಿಬಿ ಇಳ್ಸಿ ಮೈನಸ್ 14ಕ್ಕೆ ತರುತ್ತೆ, ಅವಾಗ ಅದ್ರ ಡಗ್ಗದ ಏಟಿನ ತುದಿ ಛಾವಣಿಯಿಂದ 7 ಡಿಬಿ ಕೆಳಗೆ ಬಂದು ಕೂರುತ್ತೆ. ನನ್ನ ಫೈಲಲ್ಲಿ ಅದೇ ಏಟು ಮೈನಸ್ 1ರಲ್ಲೇ ಇರುತ್ತೆ, ಯಾರೂ ಮುಟ್ಟಲ್ಲ. ಒಟ್ಟು ಸದ್ದಲ್ಲಿ 2 ಡಿಬಿ ಕಮ್ಮಿ, ಏಟಲ್ಲಿ 6 ಡಿಬಿ ಜಾಸ್ತಿ.

ಎರಡು ಫೈಲನ್ನ ಹೋಲಿಸ್ಬೇಕಾದ್ರೆ ಸಮ ಮಾಡ್ಕೊಂಡೇ ಕೇಳ್ಬೇಕು. ಈ ಒಂದು ಅಭ್ಯಾಸ ಇಟ್ಕೊಂಡ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಬಾಬ್ ಕಾಟ್ಜ್ ಅನ್ನೋ ಮಾಸ್ಟರಿಂಗ್ ಇಂಜಿನಿಯರು ಸ್ಪೀಕರ್ ವಾಲ್ಯೂಮನ್ನೇ ಒಂದು ಜಾಗಕ್ಕೆ ಕಟ್ಟಿಹಾಕಿ ಕೆಲ್ಸ ಮಾಡಿ ಅಂತ ಹೇಳಿದ್ರು, ಅವ್ರದ್ದು 83 ಡಿಬಿ, ದೊಡ್ಡ ರೂಮಿನ ಲೆಕ್ಕ. ನನ್ನ ಹತ್ತಡಿ ರೂಮಲ್ಲಿ ಅಷ್ಟಿಟ್ರೆ ಬೇಗ ಕಿವಿ ಸುಸ್ತಾಗುತ್ತೆ, ಹಂಗಾಗಿ ಪಿಂಕ್ ನಾಯ್ಸ್ ಅನ್ನೋ ಅಳತೆಗೆ ಬಳಸೋ 'ಶ್' ಸದ್ದು ಹಾಕಿ 76ಕ್ಕೆ ಬರೋ ಹಂಗೆ ನೋಡಿ ನಾಬ್ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಒಂದು ಗೀರು ಎಳ್ದಿದೀನಿ. ನಾಬ್ ಆ ಗೀರಲ್ಲಿದ್ದಾಗ ಒಂದು ಹಾಡು ತುಂಬ ಜೋರು ಅನ್ಸಿ ಕೈ ತಾನಾಗೇ ಇಳ್ಸೋಕೆ ಹೋದ್ರೆ ಆ ಹಾಡು ಅತಿಯಾಗಿ ಒತ್ತಿದ್ದಾಗಿದೆ ಅಂತ ಗೊತ್ತಾಗುತ್ತೆ, ಮೀಟರ್ ನೋಡೋ ಮೊದ್ಲೇ.

ಮೀಟರ್ ಲೆಕ್ಕಕ್ಕೆ ತಗೊಳ್ಳದ ಜಾಗ

ಇಷ್ಟು ಹೇಳಿದ್ಮೇಲೆ ಲಫ್ಸ್ ಮೀಟರೇ ದೇವ್ರು, ಮೈನಸ್ 14ಕ್ಕೆ ತಂದ್ರೆ ಮುಗೀತು ಅಂತ ತಿಳ್ಕೊಳ್ಳೋರು ಬಹಳ ಜನ ಇದಾರೆ, ಹುಡುಗ್ರು ಅದನ್ನೇ ಗುರಿ ಇಟ್ಕೊಂಡು ಎಲ್ಲಾ ಹಾಡನ್ನೂ ಅಲ್ಲಿಗೇ ತಂದು ನಿಲ್ಲಿಸ್ತಾರೆ. ನಂಗೆ ಒಪ್ಪಿಗೆ ಇಲ್ಲ. ಅದು ಅವ್ರು ಪ್ಲೇ ಮಾಡೋ ಮಟ್ಟ, ನಾವು ಮಾಸ್ಟರ್ ಮಾಡೋ ಮಟ್ಟ ಅಲ್ಲ.

ಕಲ್ಯಾಣದ ಬಾಗಿಲನ್ನೇ ತಗೊಳ್ಳಿ. ಕಚ್ಚಾ ಮಿಕ್ಸಲ್ಲಿ, ಅಂದ್ರೆ ಎಲ್ಲಾ ಮೈಕಿಂದೂ ಸೇರ್ಸಿ ಇನ್ನೂ ಮಾಸ್ಟರ್ ಮಾಡದ ಫೈಲಲ್ಲಿ, ಇಡೀ ಹಾಡು ಮೈನಸ್ 20 ತೋರಿಸ್ತಿತ್ತು. ತಾತ ಮಾತಾಡೋ ಜಾಗ ಮೈನಸ್ 34ರ ಸುತ್ತಮುತ್ತ. ಈಗ ಮೀಟರ್ ಲೆಕ್ಕ ಹಾಕೋ ರೀತಿ ನೋಡಿ. ಮೈನಸ್ 70ಕ್ಕಿಂತ ಕೆಳಗಿರೋ ತುಂಡುಗಳ್ನ ನಿಶ್ಶಬ್ದ ಅಂತ ಬಿಟ್ಟುಬಿಡುತ್ತೆ. ಉಳಿದಿದ್ರ ಸರಾಸರಿ ತೆಗ್ದು, ಆ ಸರಾಸರಿಗಿಂತ 10 ಕೆಳಗಿರೋ ತುಂಡುಗಳನ್ನೂ ಬಿಟ್ಟುಬಿಡುತ್ತೆ, ಆಮೇಲೆ ಮತ್ತೆ ಸರಾಸರಿ ತೆಗೆದು ನಿಮ್ಗೆ ಒಂದು ಅಂಕಿ ಕೊಡುತ್ತೆ. ಗೇಟ್ ಅಂತಾರೆ ಇದಕ್ಕೆ, 2011ರ ತಿದ್ದುಪಡಿಲಿ ಬಂದಿದ್ದು. ಟೀವಿ ಕಾರ್ಯಕ್ರಮಕ್ಕೆ ಇದು ಬೇಕೇ ಬೇಕು, ಇಲ್ದೇ ಇದ್ರೆ ಮಧ್ಯೆ ಸುಮ್ನಿರೋ ಹೊತ್ತೆಲ್ಲ ಸೇರಿ ಸರಾಸರಿ ಇಳ್ದು ಉಳಿದ ಜಾಗದಲ್ಲಿ ಕಿರುಚ್ಬೋದು. ಆದ್ರೆ ನಮ್ಮ ಹಾಡಲ್ಲಿ ಆಗಿದ್ದೇನು? ಮೈನಸ್ 34ರಲ್ಲಿ ತಾತ ಮಾತಾಡಿದ ಆ ಎರಡು ನಿಮಿಷ ಗೇಟಿಂದ ಆಚೆ ಬಿತ್ತು. ಇಡೀ ಕತೆಗೆ ಜೀವ ಇರೋದೇ ಅಲ್ಲಿ, ಮೀಟರಿನ ಆ ಒಂದು ಅಂಕಿಯೊಳಗೆ ಅದಕ್ಕೆ ಜಾಗನೇ ಇಲ್ಲ. ಅದನ್ನ ಹತ್ತು ಡಿಬಿ ಇನ್ನೂ ಇಳ್ಸಿದ್ರೂ ಅಂಕಿ ಅಲ್ಲಾಡಲ್ಲ.

ಅಳತೆ ಸರಿಯಿಲ್ಲ ಅಂತ ನಾನು ಹೇಳ್ತಿಲ್ಲ. ಅದು ಉತ್ತರ ಕೊಡೋ ಪ್ರಶ್ನೆನೇ ಬೇರೆ. ಎರಡು ಹಾಡು ಅಕ್ಕಪಕ್ಕ ಬಂದ್ರೆ ಯಾವ್ದು ಜೋರು ಅನ್ನೋದಕ್ಕೆ ಅದು ಚೆನ್ನಾಗೇ ಉತ್ತರ ಕೊಡುತ್ತೆ. ಒಂದು ಹಾಡಿನ ಒಳಗೆ ಎಷ್ಟು ಏರಿಳಿತ ಇದೆ ಅನ್ನೋದಕ್ಕೆ ಎಲ್‌ಆರ್‌ಎ ಅಂತ ಇನ್ನೊಂದು ಅಂಕಿ ಇದೆ, ಲೌಡ್‌ನೆಸ್ ರೇಂಜ್, ಅದ್ರ ಗೇಟು 20 ಕೆಳಗಿರೋದ್ರಿಂದ ತಾತನ ಮಾತು ಅಲ್ಲಿ ಉಳ್ಕೊಳ್ಳುತ್ತೆ. ಅದು ತೀರಾ ಸಣ್ಣ ಹತ್ತು ಪರ್ಸೆಂಟನ್ನೂ ತೀರಾ ಜೋರಿನ ಐದು ಪರ್ಸೆಂಟನ್ನೂ ಬಿಟ್ಟು ನಡುವಿನ ಅಂತರ ಹೇಳುತ್ತೆ. ಕಚ್ಚಾ ಮಿಕ್ಸಲ್ಲಿ 15 ಇತ್ತು, ನನ್ನ ಮಾಸ್ಟರಲ್ಲಿ 11, ಜೋರು ಮಾಡಿದ ಕಾಪಿಲಿ 5. ಯೂಲೀನ್ ಅನ್ನೋ ಮೀಟರು ಬಿಟ್ಟಿ ಸಿಗುತ್ತೆ, ಈ ಎರಡು ಅಂಕಿನೂ ಪಕ್ಕಪಕ್ಕ ತೋರ್ಸುತ್ತೆ, ದಯವಿಟ್ಟು ಎರಡನ್ನೂ ನೋಡಿ.

ಹಂಗಂತ ಎಲ್‌ಆರ್‌ಎ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಾನೂ ಇಲ್ಲ. ಮಂಡ್ಯ ಕಡೆ ಪೂಜಾ ಕುಣಿತದ ತಮಟೆ ರೆಕಾರ್ಡ್ ಮಾಡುದ್ರೆ ಶುರುವಿಂದ ಕೊನೆವರ್ಗೂ ಒಂದೇ ಜೋರು, ಎಲ್‌ಆರ್‌ಎ 3 ಬಂದ್ರೆ ಹೆಚ್ಚು, ಅದ್ರಲ್ಲಿ ಏನೂ ಕೊರತೆ ಇಲ್ಲ. ಅಲ್ಲಿ ಉಳಿಸ್ಬೇಕಾಗಿರೋದು ಒಂದೊಂದು ಏಟಿಗೂ ಏಟಿನ ಹಿಂದಿನ ಗುಂಯ್ ಅನ್ನೋದಕ್ಕೂ ಇರೋ ಅಂತರ, ಅದು ಎಲ್‌ಆರ್‌ಎಲಿ ಕಾಣ್ಸೋದೇ ಇಲ್ಲ, ಪೀಕಿಗೂ ಸರಾಸರಿಗೂ ಎಷ್ಟು ದೂರ ಅಂತ ಬೇರೆಯಾಗೇ ನೋಡ್ಬೇಕು.

ಬಸ್ಸು, ಟ್ರ್ಯಾಕ್ಟರು, ಮೈಕ್ ಸೆಟ್

ಜೋರು ಬೇಕು ಅನ್ನೋರನ್ನ ಬೈಯೋಕೆ ನಂಗೆ ಮನ್ಸಿಲ್ಲ. ನಮ್ಮ ಚೌಡಯ್ಯನೋರಿಗೂ ಜೋರು ಬೇಕಾಗಿತ್ತು. ಮೈಕು ಇಲ್ದಿದ್ದ ಕಾಲದಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳ್ಸಲ್ಲ ಅಂತ ನಾಲ್ಕು ತಂತಿಗೆ ಇನ್ನು ಮೂರು ಸೇರ್ಸಿ ಏಳು ತಂತಿ ಪಿಟೀಲು ಮಾಡ್ಕೊಂಡೋರು ಅವ್ರು. ಆದ್ರೆ ಅವ್ರು ಎತ್ತಿದ್ದು ವಾದ್ಯನ. ಏಳು ತಂತಿಲೂ ಮೆಲ್ಲಗೆ ನುಡಿಸುದ್ರೆ ಮೆಲ್ಲಗೇ ಕೇಳುತ್ತೆ, ಒತ್ತಿದ್ರೆ ಒತ್ತಿದಷ್ಟು ಬರುತ್ತೆ. ಲಿಮಿಟರ್ ಹಂಗಲ್ಲ, ಅದು ಒತ್ತಿದ್ದನ್ನ ಇಳ್ಸಿ ಮೆಲ್ಲಗಿದ್ದಿದ್ದನ್ನ ಎತ್ತಿ ಎರಡನ್ನೂ ಒಂದೇ ಗೆರೆಗೆ ತರುತ್ತೆ.

ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿ ಕಚೇರಿಗೆ ಹೋಗಿರೋರಿಗೆ ಗೊತ್ತು, ರಸ್ತೇಲೇ ಪೆಂಡಾಲು, ಆಚೆ ಗಾಡಿ ಓಡಾಡ್ತಿರುತ್ತೆ. ಒಂದ್ಸಲ ವೀಣೆ ಕಚೇರಿ, ರಾಗ ಶುರುವಾದ ಹೊತ್ಗೆ ಪಕ್ಕದ ರಸ್ತೇಲಿ ಒಂದು ಆಟೋ ಸ್ಟಾರ್ಟ್ ಆಗ್ದೆ ಒದ್ದಾಡ್ತಿತ್ತು, ಮೊದಲ್ನೇ ಕೆಲವು ಮೀಟು ಕೇಳ್ಸಲೇ ಇಲ್ಲ. ಸೌಂಡ್ ನೋಡ್ಕೊಳ್ತಿದ್ದೋರು ಫೇಡರ್, ಅಂದ್ರೆ ಸದ್ದು ಏರ್ಸಿ ಇಳ್ಸೋ ಹಿಡಿ, ಎತ್ಲಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಗಸು ಕುರ್ಚಿನೇ ಸ್ವಲ್ಪ ಮುಂದಕ್ಕೆ ಎಳ್ಕೊಂಡ್ರು. ಆಮೇಲೆ ತಾನ ಬಂದು ಮೃದಂಗ ಸೇರ್ಕೊಂಡು ಇಡೀ ಪೆಂಡಾಲು ತುಂಬ್ತು, ಅವಾಗ ಆಟೋ ಇದ್ಯೋ ಇಲ್ವೋ ಯಾರಿಗೂ ಬೇಕಾಗಿರ್ಲಿಲ್ಲ. ಮೊದ್ಲೇ ಎತ್ತಿದ್ದಿದ್ರೆ ಮೃದಂಗ ಬಂದಾಗ ಹೋಗೋಕೆ ಜಾಗ ಇರ್ತಿರ್ಲಿಲ್ಲ. ಆ ಸೌಂಡಿನೋರ ಹೆಸ್ರು ನಂಗೆ ಗೊತ್ತಿಲ್ಲ, ಅವ್ರ ಮೇಲೆ ಗೌರವ ಇದೆ.

ಆದ್ರೆ ಕುರ್ಚಿ ಮುಂದಕ್ಕೆ ಎಳ್ಕೊಳ್ಳೋ ಅನುಕೂಲ ಎಲ್ರಿಗೂ ಇರಲ್ಲ. ಮಳವಳ್ಳಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಇಯರ್‌ಫೋನ್ ಹಾಕ್ಕೊಂಡ್ರೆ ಮೈನಸ್ 34ರಲ್ಲಿರೋ ತಾತ ಇಂಜಿನ್ನಿನ ಸದ್ದಲ್ಲಿ ಮುಳುಗೋಗ್ತಾರೆ. ಟ್ರ್ಯಾಕ್ಟರಿನ ಪೆನ್‌ಡ್ರೈವ್ ಸ್ಟೀರಿಯೋ ಇನ್ನೂ ಕಷ್ಟ, ಅದಕ್ಕೆ ಯೂಟ್ಯೂಬ್ ತರ ಸಮ ಮಾಡೋ ಬುದ್ಧಿನೂ ಇಲ್ಲ, ಇದ್ದದ್ದು ಇದ್ದಂಗೆ ನುಡ್ಸುತ್ತೆ. ಈ ಹಾಡು ನಿಜವಾಗಿ ಬಾಳೋ ಜಾಗ ಅವೇ ಅಲ್ವಾ? ಕಬ್ಬಿನ ಗದ್ದೆ ಬದು, ಊರ ಹಬ್ಬದ ಮೈಕ್ ಸೆಟ್. ಅಲ್ಲಿ ಕೇಳೋರನ್ನ ಬಿಟ್ಟು ಹೆಡ್‌ಫೋನಿನೋರಿಗೆ ಮಾತ್ರ ಮಾಸ್ಟರ್ ಮಾಡೋದು ನಂಗೆ ಸರಿ ಕಾಣಲ್ಲ.

ಹಂಗಾಗಿ ನಾನು ಮಾಡಿದ್ದು ಇಷ್ಟು. ಲಿಮಿಟರಿಗೆ ಕೊಡೋ ಮೊದ್ಲೇ ಕೈಯಾರೆ ಫೇಡರ್ ಎಳ್ದೆ, ತಾತ ಮಾತಾಡೋ ಎರಡು ನಿಮಿಷನ 4 ಡಿಬಿ ಮೇಲಕ್ಕೆ, ಒಂದೇ ಸಲ ಅಲ್ಲ, ಹಿಂದಿನ ಸೊಲ್ಲು ಇಳಿಯೋ ಹೊತ್ತಲ್ಲೇ ನಿಧಾನಕ್ಕೆ, ಕೇಳೋರಿಗೆ ಗೊತ್ತಾಗ್ದ ಹಂಗೆ. ತಲೆ ಎತ್ತಿ ಕೂಗೋ ಜಾಗಕ್ಕೆ ಅರ್ಧ ಸೆಕೆಂಡು ಮುಂಚೆ ವಾಪಸ್. ತಾಳ ಮತ್ತೆ ಗಗ್ಗರದ ಚೂಪು ತುದಿನ ಮಾತ್ರ ಎರಡು ಮೂರು ಡಿಬಿ ಒತ್ತಿದೆ, ಡಗ್ಗನ ಮುಟ್ಲಿಲ್ಲ. ಟ್ರೂ ಪೀಕ್, ಅಂದ್ರೆ ಸ್ಯಾಂಪಲ್ಲುಗಳ ಮಧ್ಯೆ ಅಡಗಿರೋದ್ನೂ ಸೇರ್ಸಿ ಅಳ್ದ ತುದಿ, ಮೈನಸ್ 1 ದಾಟ್ಲಿಲ್ಲ, ಯಾಕಂದ್ರೆ ಎಂಪಿ3 ಅಥ್ವಾ ಎಎಸಿ ಆಗೋವಾಗ ಸ್ಯಾಂಪಲ್ಲುಗಳ ಮಧ್ಯೆ ಇರೋ ತುದಿಗಳು ಛಾವಣಿ ದಾಟಿ ಕರಕರ ಅನ್ನುತ್ತೆ. ಯೂಟ್ಯೂಬಿಗೆ ಹೋಗಿದ್ದು ಇದು. ಪೆನ್‌ಡ್ರೈವಿಗೆ ಬೇರೆ ಒಂದು ಮಾಡ್ದೆ, ಮೈನಸ್ 12ಕ್ಕೆ, ಮಾತಿನ ಜಾಗ ಇನ್ನೂ ಸ್ವಲ್ಪ ಎತ್ತಿ, ಕೂಗೋ ಜಾಗದ ಹೊಡ್ತ ಉಳ್ಸಿ. ಮೈನಸ್ 8 ಕೊಡಲ್ಲ ಅಂತ ಹುಡುಗನಿಗೆ ನೇರವಾಗೇ ಹೇಳ್ದೆ, ಅವ್ನೂ ಬೇಡ ಅಂದ.

ತಾತನಿಗೆ ಫೋನಲ್ಲಿ ಕೇಳ್ಸಿದ್ವಿ. ಡಿಬಿ ಬಗ್ಗೆ ಏನೂ ಹೇಳ್ಲಿಲ್ಲ. ಬಾಗಿಲಿನ ಜಾಗ ಬಂದಾಗ ಮೊಮ್ಮಗನ ಕೈಯಿಂದ ಫೋನ್ ತಗೊಂಡು ಕಿವಿಗೆ ಒತ್ಕೊಂಡು, 'ಇಲ್ಲಿ ನಾನು ಉಸುರು ತಗಂಡದ್ದೂ ಬಂದದಲ್ಲ ಮಗ' ಅಂದ್ರು. ಅದು ಬೇಡ್ವಾ ತಾತ, ತೆಗೀಲಾ ಅಂದೆ. 'ಇರ್ಲಿ ಬುಡು, ಅದಿಲ್ದೆ ಮುಂದ್ಕೆ ಎತ್ತಕಾದದಾ?'

ಫೈಲ್ ಇಟ್ಕೊಳ್ಳೋ ವಿಷ್ಯ

ಕೊನೇದಾಗಿ ಒಂದು ಕೋರಿಕೆ, ನಮ್ಮ ಮೈಸೂರು ಮಂಡ್ಯ ಕಡೆ ನೀಲಗಾರರು, ಕಂಸಾಳೆಯೋರು, ತತ್ವಪದದೋರ ಹತ್ರ ಹೋಗಿ ರೆಕಾರ್ಡ್ ಮಾಡೋ ಎಲ್ಲಾ ಹುಡುಗ ಹುಡುಗೀರಿಗೆ. ಲಿಮಿಟರಲ್ಲಿ ಒತ್ತಿದ ತುದಿ ವಾಪಸ್ ಬರಲ್ಲ, ಆಮೇಲೆ ವಾಲ್ಯೂಮ್ ಇಳ್ಸಿದ್ರೂ ಇಡೀ ಹಾಡು ಇಳಿಯುತ್ತೆ ಅಷ್ಟೇ, ಒಳಗಿನ ಏರಿಳಿತ ಹುಟ್ಟಲ್ಲ. ಮಾಸ್ಟರ್ ಮಾಡಿದ ಎಂಪಿ3 ಒಂದೇ ಇಟ್ಕೊಂಡು ಉಳಿದಿದ್ದು ಅಳಿಸ್ಬೇಡಿ. ರೆಕಾರ್ಡ್ ಮಾಡೋವಾಗ 24 ಬಿಟ್ ಇಟ್ಕೊಳ್ಳಿ, ತೀರಾ ಜೋರಿನ ಸೊಲ್ಲು ಕೂಡ ಮೈನಸ್ 10ರ ಹತ್ರ ನಿಲ್ಲೋ ಹಂಗೆ ಗೇನ್ ಇಡಿ, 24 ಬಿಟ್ಟಲ್ಲಿ ಅಷ್ಟು ಜಾಗ ಬಿಟ್ರೂ ಏನೂ ನಷ್ಟ ಇಲ್ಲ. ಲಿಮಿಟರ್ ಹಾಕದ ಮಿಕ್ಸ್ ವೇವ್ ಫೈಲಾಗಿ ಬೇರೆ ಎಕ್ಸ್‌ಪೋರ್ಟ್ ಮಾಡಿ, ಸಾಧ್ಯ ಆದ್ರೆ ಒಂದೊಂದು ಮೈಕಿಂದೂ ಬೇರೆ ಬೇರೆ ಇಡಿ, ಎರಡು ಡಿಸ್ಕಲ್ಲಿ ಇಡಿ, ಯಾರು ಹಾಡಿದ್ದು ಯಾವೂರು ಯಾವ ಸಾಲು (ಕತೆಯ ಭಾಗ) ಅಂತ ಒಂದು ಟೆಕ್ಸ್ಟ್ ಫೈಲಲ್ಲಿ ಬರ್ದು ಜೊತೆಗೆ ಹಾಕಿ. ಒಂದು ಕಾಪಿ ಹಾಡ್ದೋರ ಮನೆಗೂ ಕೊಡಿ. ನಾಳೆ ಆ ಪ್ಲಾಟ್‌ಫಾರ್ಮಿನೋರು ಮೈನಸ್ 14ನ ಇನ್ನೇನೋ ಮಾಡ್ಬೋದು, ಕೇಳೋ ಯಂತ್ರ ಬದಲಾಗ್ಬೋದು, ಅವಾಗ ಹೊಸದಾಗಿ ಮಾಸ್ಟರ್ ಮಾಡೋರ ಕೈಗೆ ತಾತ ಮೆಲ್ಲಗೆ ಮಾತಾಡಿದ್ದು ಮೆಲ್ಲಗೇ ಸಿಗ್ಬೇಕು. ಮಳವಳ್ಳಿ ತಂಡದ ಫೋಲ್ಡರ್ ಹಂಗೇ ಇಟ್ಟಿದೀನಿ, ಈ ದೀಪಾವಳಿ ಕಳೆದ್ಮೇಲೆ ಕತೆಯ ಉಳಿದ ಸಾಲುಗಳನ್ನೂ ಹಾಡಿ ಕೊಡ್ತೀವಿ ಅಂದಿದಾರೆ.